ಐದು ಆಟ, ಒಂದೇ ಜಿಮ್ ಚಾರ್ಟ್: ಏನು ಉಳಿಸಬೇಕು, ಏನು ಬದಲಿಸಬೇಕು?

#1 ಮೈದಾನದಂಚು

ಎಲ್ಲರಿಗೂ ನಮಸ್ಕಾರ. ಸಣ್ಣ ಕ್ಲಬ್ ಒಂದರಲ್ಲಿ ಆಟಗಾರರ ಫಿಟ್‌ನೆಸ್ ನೋಡಿಕೊಳ್ಳುತ್ತೇನೆ. ಇರೋದು ಒಂದು ಕೋಣೆ, ಎರಡು ಸ್ಕ್ವಾಟ್ ರ‍್ಯಾಕ್, ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ. ಬರೋರು ಮಾತ್ರ ಒಬ್ಬರಿದ್ದ ಹಾಗೆ ಇನ್ನೊಬ್ಬರಿಲ್ಲ. 15 ವರ್ಷದ ವೇಗದ ಬೌಲರ್, ವಾಲಿಬಾಲ್‌ನಲ್ಲಿ ಸ್ಪೈಕ್ ಹೊಡೆಯುವ ಹುಡುಗಿ, ಬ್ಯಾಡ್ಮಿಂಟನ್ ಸಿಂಗಲ್ಸ್ ಆಡುವ ಇನ್ನೊಬ್ಬಳು, ಒಬ್ಬ ಕುಸ್ತಿ ಹುಡುಗ, 44 ವರ್ಷದ ದೂರದ ಓಟಗಾರರೊಬ್ಬರು.

ಇಷ್ಟು ದಿನ ಗೋಡೆಗೆ ಒಂದೇ ಚಾರ್ಟ್ ಅಂಟಿಸಿದ್ದೆ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್, ರೋ, ಪ್ಲ್ಯಾಂಕ್. ಎಲ್ಲವೂ 3 ಸೆಟ್, 10 ರೆಪ್ಸ್, ಅಂದ್ರೆ ಒಂದೇ ಸಮನೆ ಹತ್ತು ಸಲ, ಹಾಗೆ ಮೂರು ಸುತ್ತು. ಮೊದಲ ಮೂರು ತಿಂಗಳು ಎಲ್ಲರ ತಾಕತ್ತೂ ಏರಿತು, ನನಗೂ ಖುಷಿ. ಆಮೇಲೆ ಒಂದೊಂದೇ ಶುರುವಾಯಿತು. ವಾಲಿಬಾಲ್ ಹುಡುಗಿಗೆ ಮಂಡಿಚಿಪ್ಪಿನ ಕೆಳಗೆ ನೋವು. ಬೌಲರ್ ಹುಡುಗ ಸೊಂಟ ಹಿಡಿದುಕೊಂಡು ಬರ್ತಾನೆ. ಕುಸ್ತಿ ಹುಡುಗನ ಮೈ ತುಂಬಿಕೊಂಡು ತೂಕದ ವರ್ಗ ದಾಟೋ ಹಂತಕ್ಕೆ ಬಂದಿದೆ. ಬ್ಯಾಡ್ಮಿಂಟನ್ ಹುಡುಗಿ "ಕಾಲು ಭಾರ ಅನ್ನಿಸುತ್ತೆ ಸರ್" ಅಂತಾಳೆ.

ಚಾರ್ಟ್ ಬರೆದವನು ನಾನು, ಸರಿ ಮಾಡಬೇಕಾದವನೂ ನಾನೇ. ಐದು ಆಟಕ್ಕೆ ಐದು ಚಾರ್ಟ್ ಬರೀಬೇಕಾ? ಅಥವಾ ಇದೇ ಚಾರ್ಟ್‌ನಲ್ಲಿ ಎಲ್ಲಿ ಕೈ ಹಾಕಬೇಕು? ಅನುಭವ ಇದ್ದೋರು ದಯವಿಟ್ಟು ಬಿಡಿಸಿ ಹೇಳಿ.

#2 ಕಬ್ಬಿಣದಕೈ

ಆಟಕ್ಕೊಂದು ಚಾರ್ಟ್ ಅನ್ನೋದು ಸುಮ್ಮನೆ ಗೊಂದಲ. ಕಾಲಿಗೆ ಕಸುವು ಬಂದರೆ ಅದು ಬೌಲರ್‌ಗೂ ಬೇಕು, ಕುಸ್ತಿಯವನಿಗೂ ಬೇಕು. ಕೂತು ಏಳೋದು, ಬಗ್ಗಿ ಎತ್ತೋದು, ತಳ್ಳೋದು, ಎಳೆಯೋದು, ಇಷ್ಟನ್ನು ಚೆನ್ನಾಗಿ ಕಲಿಸಿ, ತೂಕ ನಿಧಾನಕ್ಕೆ ಏರಿಸಿ. ಆಟವನ್ನು ಅವರು ಮೈದಾನದಲ್ಲಿ ಕಲೀತಾರೆ.

#3 ರ‍್ಯಾಕೆಟ್‌ಹಿಡಿ

ಒಪ್ಪಲ್ಲ ಸರ್. ಆಟ ಬೇರೆ ಅಂದಮೇಲೆ ಕಸರತ್ತೂ ಬೇರೆ ಇರಲೇಬೇಕು. ನಮ್ಮ ಕೋಚ್ ರಬ್ಬರ್ ಬ್ಯಾಂಡ್ ಕಟ್ಟಿ ಸ್ಮ್ಯಾಶ್ ಹೊಡೆಸ್ತಾ ಇದ್ರು, ಕೈಗೆ ಡಂಬೆಲ್ ಕೊಟ್ಟು ಡ್ರಾಪ್ ಶಾಟ್ ಆಡಿಸ್ತಾ ಇದ್ರು. ಆಟಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು.

#4 ಸ್ಪೈಕ್‌ಶೂ

@ರ‍್ಯಾಕೆಟ್‌ಹಿಡಿ, ಅದರಿಂದ ನಿಮ್ಮ ಸ್ಮ್ಯಾಶ್ ಜೋರಾಯ್ತಾ? ನಿಜವಾಗಿ ಕೇಳ್ತಾ ಇದ್ದೀನಿ.

#5 ರ‍್ಯಾಕೆಟ್‌ಹಿಡಿ

ಇಲ್ಲ. ಒಂದೆರಡು ವಾರ ಟೈಮಿಂಗೇ ತಪ್ಪಿತ್ತು, ಶಟಲ್ ಫ್ರೇಮಿಗೆ ತಗುಲ್ತಾ ಇತ್ತು. ಕೈ ಇನ್ನೂ ಒಗ್ಗಬೇಕು ಅಂದುಕೊಂಡಿದ್ದೆ.

#6 ಸ್ಪೈಕ್‌ಶೂ

ಅದೇ ನೋಡಿ. ಬೇಸ್‌ಬಾಲ್‌ನಲ್ಲಿ ಬ್ಯಾಟಿಗೆ ತೂಕದ ಬಳೆ ಹಾಕಿ ಬೀಸಿ, ಬಳೆ ತೆಗೆದ ಮೇಲೆ ಬ್ಯಾಟು ಹಗುರ ಅನ್ನಿಸುತ್ತೆ, ಅಳೆದು ನೋಡಿದರೆ ವೇಗ ಕಡಿಮೆಯಾಗಿರುತ್ತೆ. ಸ್ಮ್ಯಾಶ್ ಅನ್ನೋದು ಕ್ಷಣದ ಲೆಕ್ಕ. ಕೈಗೆ ಭಾರ ಕೊಟ್ಟ ಕೂಡಲೇ ಲೆಕ್ಕ ಬೇರೆ ಆಗುತ್ತೆ. ಡಂಬೆಲ್ ಹಿಡಿದು ಶಾಟ್ ಆಡೋನಿಗೆ ಶಾಟಿನ ಅಭ್ಯಾಸವೂ ಇಲ್ಲ, ತಾಕತ್ತೂ ಬರಲ್ಲ, ಯಾಕಂದ್ರೆ ಆ ತೂಕ ಸ್ನಾಯುವಿಗೆ ಏನೂ ಅಲ್ಲ.

ಹಾಗಂತ ಕಬ್ಬಿಣದಕೈ ಅವರ ಮಾತೂ ಪೂರ್ತಿ ಸರಿಯಲ್ಲ. ನಾನು 100 ಮೀಟರ್ ಓಡ್ತಿದ್ದೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡ್ ಓಡಿದ್ದು ಸುಮಾರು 41 ಹೆಜ್ಜೆಯಲ್ಲಿ. ಪೂರ್ತಿ ವೇಗ ಹಿಡಿದ ಮೇಲೆ ಒಂದೊಂದು ಹೆಜ್ಜೆಯಲ್ಲೂ ಪಾದ ನೆಲದ ಮೇಲೆ ಇರೋದು 0.1 ಸೆಕೆಂಡಿಗಿಂತ ಕಡಿಮೆ. ಸ್ನಾಯು ತನ್ನ ಪೂರ್ತಿ ಬಲ ಹೊರಹಾಕೋಕೆ 0.3 ಸೆಕೆಂಡ್ ಅಥವಾ ಇನ್ನೂ ಜಾಸ್ತಿ ಬೇಕು. ಅಂದ್ರೆ ಸ್ಕ್ವಾಟ್‌ನಲ್ಲಿ 150 ಕಿಲೋ ಎತ್ತೋ ಬಲ ಇದ್ರೂ ಅದನ್ನು ತೋರಿಸೋಕೆ ನೆಲ ಟೈಮೇ ಕೊಡಲ್ಲ. ಬಲ ಎಷ್ಟಿದೆ ಅನ್ನೋದರ ಜೊತೆಗೆ ಎಷ್ಟು ಬೇಗ ಹೊರಗೆ ಬರುತ್ತೆ ಅನ್ನೋದನ್ನೂ ಕೇಳಬೇಕು. ಕುಸ್ತಿಯಲ್ಲಿ ಎದುರಾಳಿಯನ್ನು ಹಿಡಿದು ಒತ್ತೋವಾಗ ಎರಡು ಮೂರು ಸೆಕೆಂಡ್ ಸಿಗುತ್ತೆ. ಓಟದಲ್ಲಿ ಸಿಗಲ್ಲ. ಆಟಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ. ಶಾಟಿನ ಆಕಾರ ನಕಲು ಮಾಡೋದರಲ್ಲಿ ಇಲ್ಲ.

#7 ಕಬ್ಬಿಣದಕೈ

ಬಲವೇ ಇಲ್ಲದೋನು ಬೇಗ ಹೊರಹಾಕೋದು ಏನನ್ನು? ಮೊದಲು ಪಾತ್ರೆ ತುಂಬಲಿ.

#8 ಸ್ಪೈಕ್‌ಶೂ

ಹೊಸಬರಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಮೊದಲ ವರ್ಷ ಸ್ಕ್ವಾಟ್ ಏರಿದ ಹಾಗೆ ಜಿಗಿತವೂ ಏರುತ್ತೆ, ಓಟವೂ ಏರುತ್ತೆ. ಆಮೇಲೆ ಒಂದು ದಿನ ಸ್ಕ್ವಾಟ್ ಮಾತ್ರ ಏರುತ್ತೆ, ಉಳಿದದ್ದು ನಿಂತುಬಿಡುತ್ತೆ. ಆ ದಿನ ಗುರುತಿಸೋಕೆ ತಿಂಗಳಿಗೊಮ್ಮೆ ಗೋಡೆ ಪಕ್ಕ ನಿಲ್ಲಿಸಿ ಜಿಗಿತ ಅಳೆದರೆ ಸಾಕು, ಸುಣ್ಣದ ಪುಡಿ ಹಚ್ಚಿದ ಬೆರಳು ಗೋಡೆಗೆ ತಾಗಿಸಿದರೆ ಆಯ್ತು.

#9 ಪುಸ್ತಕದಕಪಾಟು

ಮೊದಲ ಪೋಸ್ಟಿನ 3 ಸೆಟ್ 10 ರೆಪ್ಸ್ ಬಗ್ಗೆ ಒಂದು ಮಾತು. ಅದರ ಮೂಲ ಆಟವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲಾರ್ಮ್ ಅನ್ನೋ ಅಮೆರಿಕದ ಸೇನಾ ವೈದ್ಯರು ಗಾಯಾಳು ಸೈನಿಕರ ಸೊರಗಿದ ಕಾಲಿಗೆ ಬಲ ತುಂಬೋಕೆ ಭಾರ ಎತ್ತಿಸೋ ಪದ್ಧತಿ ಶುರು ಮಾಡಿದರು. ಮೊದಲು ಏಳರಿಂದ ಹತ್ತು ಸೆಟ್ ಮಾಡಿಸ್ತಿದ್ದರು. 1948ರ ಹೊತ್ತಿಗೆ ವಾಟ್ಕಿನ್ಸ್ ಅನ್ನೋ ಇನ್ನೊಬ್ಬ ವೈದ್ಯರ ಜೊತೆ ಸೇರಿ ಅದನ್ನು ಮೂರಕ್ಕೆ ಇಳಿಸಿದರು: ಹತ್ತು ಸಲ ಎತ್ತಬಲ್ಲ ಗರಿಷ್ಠ ತೂಕದ ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಒಳ್ಳೆಯ ಪದ್ಧತಿಯೇ, ಇವತ್ತಿಗೂ ನಡೆಯುತ್ತೆ. ಆದರೆ ಸೊರಗಿದ ಸ್ನಾಯುವನ್ನು ಎಬ್ಬಿಸೋಕೆ ಹುಟ್ಟಿದ ಲೆಕ್ಕವನ್ನೇ ವರ್ಷಗಟ್ಟಲೆ ಎಲ್ಲ ಆಟಗಾರರಿಗೂ ಹಿಡಿದು ಕೂರಬೇಕಾಗಿಲ್ಲ.

#10 ಅಖಾಡದಮಣ್ಣು

ಕುಸ್ತಿ ಹುಡುಗನ ವಿಷಯಕ್ಕೆ ಬರ್ತೀನಿ. 10 ರೆಪ್ಸ್ ಲೆಕ್ಕ ಮೈ ಬೆಳೆಸುತ್ತೆ, ಅದಕ್ಕೇ ಅವನು ವರ್ಗ ದಾಟ್ತಾ ಇರೋದು. ಭಾರ ಜಾಸ್ತಿ, ರೆಪ್ಸ್ 2ರಿಂದ 4, ಸೆಟ್ ನಡುವೆ ಮೂರು ನಿಮಿಷ ಪೂರ್ತಿ ವಿಶ್ರಾಂತಿ, ಒಟ್ಟು ಸೆಟ್ ಕಡಿಮೆ. ಹೀಗೆ ಮಾಡಿದರೆ ಇರೋ ಸ್ನಾಯುವನ್ನೇ ನರಗಳು ಚೆನ್ನಾಗಿ ದುಡಿಸೋದನ್ನು ಕಲಿಯುತ್ತವೆ, ಮೈ ಅಷ್ಟಾಗಿ ತುಂಬಲ್ಲ. ಹಗ್ಗ ಹತ್ತೋದು, ಟವೆಲ್ ಬಾರ್‌ಗೆ ಸುತ್ತಿ ಪುಲ್‌ಅಪ್ ಮಾಡೋದು ಹಿಡಿತಕ್ಕೆ. ಕತ್ತಿನ ಕಸರತ್ತು ಬಿಡಲೇಬೇಡಿ.

ಪಂದ್ಯ ಮೂರು ಮೂರು ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡ್. ಅವನ ದಮ್ಮಿನ ಕಸರತ್ತನ್ನೂ ಇದೇ ಅಳತೆಗೆ ಹೊಲಿಯಿರಿ. ಒಂದು ಗಂಟೆ ನಿಧಾನಕ್ಕೆ ಓಡಿಸಿ ಪಂದ್ಯಕ್ಕೆ ದಮ್ಮು ಬಂತು ಅಂದುಕೊಳ್ಳಬೇಡಿ.

ಇನ್ನೊಂದು ಮಾತು ಕೈಮುಗಿದು ಕೇಳ್ಕೋತೀನಿ. ತೂಕ ಇಳಿಸೋಕೆ ಅವನು ನೀರು ಬಿಡ್ತಾ ಇದ್ದಾನಾ, ಊಟ ಬಿಡ್ತಾ ಇದ್ದಾನಾ ನೋಡಿ. ನಾನು ಹದಿನೇಳರಲ್ಲಿ ರೈನ್‌ಕೋಟ್ ಹಾಕಿಕೊಂಡು ಓಡಿ, ತೂಕದ ತಕ್ಕಡಿ ಮುಂದೆ ಕಣ್ಣು ಕತ್ತಲೆ ಬಂದು ಬಿದ್ದವನು. ಇನ್ನೂ ಬೆಳೆಯೋ ಹುಡುಗನಾದ್ರೆ ಮೇಲಿನ ವರ್ಗಕ್ಕೆ ಹೋಗಲಿ ಬಿಡಿ.

#11 ಮೈದಾನದಂಚು

@ಅಖಾಡದಮಣ್ಣು ಅಣ್ಣ, ಇವತ್ತೇ ಕೇಳಿದೆ. ಎರಡು ದಿನದಿಂದ ರಾತ್ರಿ ಊಟ ಬಿಟ್ಟಿದ್ದಾನಂತೆ, ನನಗೆ ಗೊತ್ತೇ ಇರಲಿಲ್ಲ. ಅವನ ತಂದೆ ಜೊತೆ ಮಾತಾಡಿದೆ. ಮೇಲಿನ ವರ್ಗದಲ್ಲೇ ಆಡ್ತಾನೆ.

#12 ಫಿಸಿಯೋಅಕ್ಕ

ತಡವಾಗಿ ನೋಡಿದೆ. ಬಲ, ವೇಗ ಅಂತ ಎಲ್ಲರೂ ಹೇಳಿದ್ದೀರಿ. ನನ್ನ ಕೆಲಸ ನೋವಿನ ಕಡೆಯಿಂದ ಶುರುವಾಗುತ್ತೆ, ಹಾಗಾಗಿ ನಾನು ಕೇಳೋದು ಬೇರೆ: ಈ ಆಟ ಮೈಯ ಯಾವ ಜಾಗವನ್ನು ತಿನ್ನುತ್ತೆ? ಜಿಮ್‌ಗೆ ಬರೋ ಮೊದಲು ಆ ಜಾಗ ಎಷ್ಟು ದುಡಿದು ಬಂದಿದೆ?

ಮೊದಲು ಬೌಲರ್ ಹುಡುಗ. ಮುಂಗಾಲು ನೆಲಕ್ಕೆ ಬಿದ್ದ ಕ್ಷಣದಲ್ಲಿ ಅವನ ಮೈತೂಕದ ಹಲವು ಪಟ್ಟು ಹೊಡೆತ ಕಾಲಿನಿಂದ ಮೇಲಕ್ಕೆ ಏರುತ್ತೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿರುತ್ತೆ, ಪಕ್ಕಕ್ಕೆ ವಾಲಿರುತ್ತೆ, ತಿರುಚಿಕೊಂಡೂ ಇರುತ್ತೆ. ಸೊಂಟದ ಮೂಳೆಯಲ್ಲಿ ಸವೆದು ಬಿರುಕು ಬಿಡೋದು ಸಾಮಾನ್ಯವಾಗಿ ಬೌಲ್ ಮಾಡೋ ಕೈಯ ಎದುರು ಬದಿ. ಬಲಗೈ ಬೌಲರ್ ಆದ್ರೆ ಎಡಗಡೆ. ಆಸ್ಟ್ರೇಲಿಯಾದ ವೇಗದ ಬೌಲರ್ ಡೆನ್ನಿಸ್ ಲಿಲ್ಲಿ ಅಂಥವರಿಗೇ 1973ರಲ್ಲಿ ಹೀಗಾಗಿತ್ತು. ಫ್ರಾಂಕ್ ಪೈಕ್ ಅನ್ನೋ ವ್ಯಾಯಾಮ ವಿಜ್ಞಾನಿ ಹಾಕಿಕೊಟ್ಟ ಕಸರತ್ತು ತಿಂಗಳುಗಟ್ಟಲೆ ಮಾಡಿ 1974ರ ಕೊನೆಗೆ ಮತ್ತೆ ಬಂದರು.

ಹದಿಹರೆಯದ ಮೂಳೆ ಇನ್ನೂ ಗಟ್ಟಿಯಾಗ್ತಾ ಇರುತ್ತೆ. ಹುಡುಗರು ಅತಿ ಬೇಗ ಎತ್ತರ ಬೆಳೆಯೋದು ಸುಮಾರು 14ರ ಆಸುಪಾಸಲ್ಲಿ, ಹುಡುಗಿಯರು 12ರ ಆಸುಪಾಸಲ್ಲಿ, ಒಬ್ಬೊಬ್ಬರಿಗೆ ಹಿಂದೆ ಮುಂದೆ. ಆ ಹುಡುಗ ಈ ವರ್ಷ ಎಷ್ಟು ಉದ್ದ ಆದ? ವಾರಕ್ಕೆ ಎಷ್ಟು ಬಾಲ್ ಹಾಕ್ತಾನೆ? ಬೆನ್ನು ಹಿಂದಕ್ಕೆ ಬಗ್ಗಿಸಿದಾಗ ಒಂದೇ ಬದಿ ಚುಚ್ಚುತ್ತಾ? ಚುಚ್ಚುತ್ತೆ ಅಂದ್ರೆ ಇವತ್ತಿನಿಂದಲೇ ಬೌಲಿಂಗ್ ಬಂದ್, ಡಾಕ್ಟರ್ ಹತ್ತಿರ ಕಳಿಸಿ. ಎಕ್ಸ್-ರೇನಲ್ಲಿ ಶುರುವಿನ ಹಂತ ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತೆ.

ವಾಲಿಬಾಲ್ ಹುಡುಗಿ. ನೋವು ಮಂಡಿಚಿಪ್ಪಿನ ತುದಿಯಲ್ಲಿ, ಒಂದೇ ಬೆರಳಿಟ್ಟು ತೋರಿಸ್ತಾಳೆ ಅಂತಾದ್ರೆ ಅದು ಬಹುಶಃ ಸ್ನಾಯುರಜ್ಜು, ಅಂದ್ರೆ ಸ್ನಾಯುವನ್ನು ಮೂಳೆಗೆ ಕಟ್ಟೋ ಗಟ್ಟಿ ನಾರಿನ ನೋವು. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಹೋಗುತ್ತೆ, ಆಟಕ್ಕೆ ಮರಳಿದ ವಾರವೇ ವಾಪಸ್ ಬರುತ್ತೆ, ಯಾಕಂದ್ರೆ ರಜ್ಜು ಇನ್ನೂ ಸೋತಿರುತ್ತೆ. ಜಿಗಿತ ಕಡಿಮೆ ಮಾಡಿ, ಭಾರವನ್ನು ಮಾತ್ರ ಬಿಡಬೇಡಿ. ನಿಧಾನಕ್ಕೆ ಇಳಿದು ನಿಧಾನಕ್ಕೆ ಏಳೋ ಭಾರದ ಸ್ಕ್ವಾಟ್, ಲೆಗ್ ಪ್ರೆಸ್. 2015ರ ಒಂದು ಸಣ್ಣ ಪ್ರಯೋಗದಲ್ಲಿ ವಾಲಿಬಾಲ್ ಆಟಗಾರರಿಗೆ ಅಲುಗಾಡದೆ 45 ಸೆಕೆಂಡ್ ಹಿಡಿಯೋ ಕಸರತ್ತನ್ನು ಐದು ಸಲ ಮಾಡಿಸಿದಾಗ ನೋವು ಕೂಡಲೇ ಇಳಿದಿತ್ತು. ಆಮೇಲಿನ ಪ್ರಯೋಗಗಳಲ್ಲಿ ಎಲ್ಲರಿಗೂ ಅಷ್ಟು ಫಲ ಸಿಕ್ಕಿಲ್ಲ. ಆದ್ರೂ ಅಭ್ಯಾಸಕ್ಕೆ ಮುಂಚೆ ಮಾಡಿಸಿ ನೋಡೋದರಲ್ಲಿ ತಪ್ಪಿಲ್ಲ.

ಹುಡುಗಿಯರಿಬ್ಬರಿಗೂ ಜಿಗಿದು ಇಳಿಯೋದನ್ನು ಪಾಠದ ಹಾಗೆ ಕಲಿಸಿ. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಮಂಡಿಯ ಎಸಿಎಲ್ (ಕೀಲಿನ ಒಳಗೆ ಮೂಳೆಗಳನ್ನು ಹಿಡಿದಿಡೋ ಕಟ್ಟು) ಹರಿಯೋ ಅಪಾಯ ಹೆಣ್ಣುಮಕ್ಕಳಿಗೆ ಎರಡು ಮೂರು ಪಟ್ಟು. ಇಳಿಯುವಾಗ ಮಂಡಿ ಒಳಕ್ಕೆ ಕುಸಿಯಬಾರದು, ಸದ್ದು ಕಡಿಮೆ ಇರಬೇಕು. ಕಣ್ಣು ಮುಚ್ಚಿ ಕೇಳಿಸಿಕೊಂಡರೂ ಯಾರು ಸರಿಯಾಗಿ ಇಳೀತಿದ್ದಾರೆ ಅಂತ ಗೊತ್ತಾಗುತ್ತೆ.

#13 ಹುಡುಗನಅಮ್ಮ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ 13. ಭಾರ ಎತ್ತಿದರೆ ಎತ್ತರ ನಿಲ್ಲುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ನಿಜವಾ ಅಕ್ಕ?

#14 ಫಿಸಿಯೋಅಕ್ಕ

ಇಲ್ಲಮ್ಮ. ಸರಿಯಾಗಿ ಕಲಿಸೋರು ಎದುರಿಗಿದ್ದು, ತೂಕ ಹಂತಹಂತವಾಗಿ ಏರಿಸಿದರೆ ಎತ್ತರಕ್ಕೆ ತೊಂದರೆ ಇಲ್ಲ. ಜಿಗಿದು ಇಳಿಯುವಾಗ ಅವನ ಕಾಲಿನ ಮೇಲೆ ಬೀಳೋ ಭಾರ ಶುರುವಿನ ಸ್ಕ್ವಾಟ್‌ಗಿಂತ ಜಾಸ್ತಿ. ಯಾರೂ ನೋಡದೆ ಇದ್ದಾಗ ಗೆಳೆಯರ ಜೊತೆ ಪೈಪೋಟಿಗೆ ಬಿದ್ದು ಎತ್ತೋದು, ಅದು ಅಪಾಯ.

#15 ಕಬ್ಬಿಣದಕೈ

ಇದು ಸಾವಿರ ಸಲ ಹೇಳಬೇಕಾದ ಮಾತು. ಧನ್ಯವಾದ ಮೇಡಂ.

#16 ದೂರದಓಟ

44ರ ಓಟಗಾರರ ಪರವಾಗಿ ನಾನು, ನನಗೆ 47. ಅವರಿಗೆ ಬೆಂಚ್ ಪ್ರೆಸ್ 3×10 ಯಾಕೆ ಅಂತ ಅರ್ಥ ಆಗಲಿಲ್ಲ. ಮೀನಖಂಡ ಎಲ್ಲಿ ಹೋಯ್ತು? ಓಡುವಾಗ ಅತಿ ಹೆಚ್ಚು ದುಡಿಯೋದು ಅದು. ಮಂಡಿ ಬಗ್ಗಿಸಿ ಹಿಮ್ಮಡಿ ಎತ್ತೋ ಕಸರತ್ತು, ಒಂಟಿ ಕಾಲಲ್ಲಿ, ಭಾರ ಹೊತ್ತು ಮಾಡಿಸಿ. ವಯಸ್ಸಾದ ಹಾಗೆ ಓಟಗಾರರಲ್ಲಿ ಮೊದಲು ಕೈಕೊಡೋದು ಮೀನಖಂಡ ಮತ್ತು ಹಿಮ್ಮಡಿಯ ರಜ್ಜು.

ನಾನು ಹದಿನೈದು ವರ್ಷ ಜಿಮ್ ಕಡೆ ತಲೆ ಹಾಕಲಿಲ್ಲ, ಮೈ ಭಾರ ಆಗುತ್ತೆ ಅನ್ನೋ ಭಯ. 1999ರಲ್ಲಿ ಫಿನ್‌ಲೆಂಡಿನವರು ಮಾಡಿದ ಪ್ರಯೋಗದ ಬಗ್ಗೆ ಓದಿದ ಮೇಲೆ ಮನಸ್ಸು ಬದಲಾಯ್ತು. ಓಟಗಾರರ ಅಭ್ಯಾಸದ ಸುಮಾರು ಮೂರನೇ ಒಂದು ಭಾಗ ತೆಗೆದು, ಆ ಹೊತ್ತಿಗೆ ಜಿಗಿತ, ಸಣ್ಣ ಸ್ಪ್ರಿಂಟ್, ಹಗುರ ಭಾರ ವೇಗವಾಗಿ ಎತ್ತೋದು ಮಾಡಿಸಿದರು. 9 ವಾರದಲ್ಲಿ 5 ಕಿಲೋಮೀಟರ್ ಸಮಯ ಸುಧಾರಿಸಿತು, ಆಮ್ಲಜನಕ ಬಳಸೋ ಗರಿಷ್ಠ ಸಾಮರ್ಥ್ಯ ಏರದೇ ಇದ್ದರೂ. ಅದೇ ದಮ್ಮಿನಲ್ಲಿ ಕಾಲು ಹೆಚ್ಚು ಪುಟಿಯೋಕೆ ಕಲಿತಿತ್ತು.

#17 ಕಬ್ಬಿಣದಕೈ

ಓಟ ಜಾಸ್ತಿ ಆದ್ರೆ ಬಲ ತಿಂದುಹಾಕುತ್ತೆ ಅಂತಾರಲ್ಲ?

#18 ಪುಸ್ತಕದಕಪಾಟು

ಅದು 1980ರ ರಾಬರ್ಟ್ ಹಿಕ್ಸನ್ ಪ್ರಯೋಗ. ಭಾರ ಮತ್ತು ದಮ್ಮಿನ ಅಭ್ಯಾಸ ಎರಡನ್ನೂ ಜೋರಾಗಿ ಮಾಡಿದವರ ಬಲ ಏಳೆಂಟು ವಾರ ಏರಿ, ಕೊನೆಯ ಎರಡು ವಾರ ಇಳಿಯಿತು. ಆದರೆ ಅವರು ವಾರದಲ್ಲಿ ಹೆಚ್ಚುಕಡಿಮೆ ಪ್ರತಿದಿನ ಎರಡನ್ನೂ ವಿಪರೀತ ಮಾಡಿದ್ದರು. ವಾರಕ್ಕೆ ಎರಡು ಸಲ ಜಿಮ್‌ಗೆ ಬರೋ ಓಟಗಾರರು ಹೆದರಬೇಕಾಗಿಲ್ಲ. ಒಂದೇ ದಿನ ಎರಡೂ ಇದ್ರೆ ನಡುವೆ ಕೆಲವು ಗಂಟೆ ಬಿಡಲಿ. ಆ ದಿನ ಯಾವುದು ಮುಖ್ಯವೋ ಅದನ್ನು ಮೊದಲು ಮಾಡಲಿ.

#19 ರೇಡರ್7

ಕಬಡ್ಡಿ ಬಗ್ಗೆ ಯಾರೂ ಹೇಳ್ತಾ ಇಲ್ಲ!! 30 ಸೆಕೆಂಡ್ ರೇಡ್, ಉಸಿರು ಬಿಗಿಹಿಡಿದು. ತೊಡೆಸಂದು ಪದೇ ಪದೇ ಎಳೆದುಕೊಳ್ಳುತ್ತೆ. ಏನು ಮಾಡೋದು?

#20 ಫಿಸಿಯೋಅಕ್ಕ

@ರೇಡರ್7 ಕೋಪನ್‌ಹೇಗನ್ ಪ್ಲ್ಯಾಂಕ್. ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಸೊಂಟ ಎತ್ತೋದು. ಮೊದಲು ಮಂಡಿ ಬೆಂಚಿನ ಮೇಲೆ, ಬಲ ಬಂದ ಮೇಲೆ ಪಾದ. ನಾರ್ವೆಯ ಫುಟ್‌ಬಾಲ್ ಆಟಗಾರರಲ್ಲಿ ತೊಡೆಸಂದಿನ ತೊಂದರೆ ಇದರಿಂದ ಶೇ. 41 ಇಳಿದಿತ್ತು. ತೊಡೆಯ ಹಿಂಭಾಗಕ್ಕೆ ನಾರ್ಡಿಕ್: ಮಂಡಿಯೂರಿ ಕೂತು, ಪಾದ ಯಾರಾದ್ರೂ ಹಿಡಿದುಕೊಂಡು, ಮೈಯನ್ನು ನಿಧಾನಕ್ಕೆ ಮುಂದಕ್ಕೆ ಬಿಡೋದು. 2011ರ ಡೆನ್ಮಾರ್ಕ್ ಪ್ರಯೋಗದಲ್ಲಿ ಮಾಡಿದವರಲ್ಲಿ ತೊಡೆ ಹಿಂಭಾಗದ ಗಾಯ 15, ಮಾಡದವರಲ್ಲಿ 52. ಮೊದಲ ವಾರ ಕಾಲು ವಿಪರೀತ ನೋಯುತ್ತೆ, ಪಂದ್ಯದ ಹಿಂದಿನ ದಿನ ಶುರು ಮಾಡಬೇಡಿ.

#21 ರೇಡರ್7

ಥ್ಯಾಂಕ್ಸ್ ಅಕ್ಕ 🙏

#22 ರ‍್ಯಾಕೆಟ್‌ಹಿಡಿ

ನನ್ನ 3ನೇ ಪೋಸ್ಟನ್ನು ಅರ್ಧ ವಾಪಸ್ ತಗೋತೀನಿ. ಡಂಬೆಲ್ ಹಿಡಿದು ಶಾಟ್ ಆಡೋದು ತಪ್ಪು, ಒಪ್ಪಿದೆ. ಆದ್ರೆ ಬ್ಯಾಡ್ಮಿಂಟನ್‌ಗೆ ಲಂಜ್ ಬೇಡ ಅಂತ ಯಾರೂ ಹೇಳಬೇಡಿ. ನೆಟ್ ಹತ್ತಿರದ ಶಟಲ್‌ಗೆ ನುಗ್ಗಿ, ಮುಂಗಾಲಲ್ಲಿ ಬ್ರೇಕ್ ಹಾಕಿ, ಅದೇ ಕಾಲಲ್ಲಿ ಒದ್ದು ಹಿಂದಕ್ಕೆ ಬರಬೇಕು. ಒಂದು ಪಂದ್ಯದಲ್ಲಿ ಲೆಕ್ಕವಿಲ್ಲದಷ್ಟು ಸಲ. ಆ ಹುಡುಗಿಗೆ "ಕಾಲು ಭಾರ" ಅನ್ನಿಸ್ತಾ ಇರೋದು ಯಾಕೆ ಅಂದ್ರೆ, ನನ್ನ ಲೆಕ್ಕ, ಜಿಮ್ ದಿನ ಮತ್ತು ಕೋರ್ಟಿನಲ್ಲಿ ಫುಟ್‌ವರ್ಕ್ ದಿನ ಒಂದೇ ಇರಬೇಕು. ವೇಳಾಪಟ್ಟಿ ನೋಡಿ ಸರ್.

#23 ಮೈದಾನದಂಚು

ನೋಡಿದೆ. ಸೋಮವಾರ ಬೆಳಿಗ್ಗೆ ಒಂದೂವರೆ ಗಂಟೆ ಫುಟ್‌ವರ್ಕ್, ಅದೇ ಸಂಜೆ ನನ್ನ ಹತ್ತಿರ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್. ಅವಳ ಕೋಚ್‌ಗೆ ನಾನು ಏನು ಮಾಡಿಸ್ತೀನಿ ಗೊತ್ತಿಲ್ಲ, ಅವರು ಏನು ಮಾಡಿಸ್ತಾರೆ ನನಗೆ ಗೊತ್ತಿರಲಿಲ್ಲ.

#24 ಸ್ಪೈಕ್‌ಶೂ

ಎಲ್ಲ ಕೋಚ್‌ಗಳ ಫೋನ್ ನಂಬರ್ ಇಟ್ಟುಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಅಭ್ಯಾಸ ಮುಗಿದ ಮೇಲೆ "ಹತ್ತಕ್ಕೆ ಎಷ್ಟು ಸುಸ್ತು?" ಅಂತ ಕೇಳಿ, ಆ ಅಂಕಿಯನ್ನು ನಿಮಿಷಕ್ಕೆ ಗುಣಿಸಿ ಬರೆದಿಡಿ. 90 ನಿಮಿಷ, ಸುಸ್ತು 7 ಅಂದ್ರೆ 630. ಕೋರ್ಟಿನದ್ದು, ಜಿಮ್ಮಿನದ್ದು ಎರಡೂ ಒಂದೇ ಪುಸ್ತಕದಲ್ಲಿ ಬರಲಿ.

ದೊಡ್ಡ ಪಂದ್ಯಾವಳಿ ಹತ್ತಿರ ಬಂದಾಗ ಎರಡು ವಾರ ಮೊದಲೇ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಬಾರ್ ಮೇಲಿನ ತೂಕ ಇಳಿಸಬೇಡಿ. ಬಹಳ ಜನ ಇದನ್ನೇ ತಿರುಗಾಮುರುಗಾ ಮಾಡ್ತಾರೆ.

#25 ಮೈದಾನದಂಚು

ಎರಡು ವಾರ ಆದ ಮೇಲೆ ಬರೀತಾ ಇದ್ದೀನಿ. ಐದು ಚಾರ್ಟ್ ಬರೀಲಿಲ್ಲ. ಗೋಡೆ ಮೇಲಿನ ಚಾರ್ಟಿನ ಮೇಲರ್ಧ ಹಾಗೇ ಇದೆ: ಕೂತು ಏಳೋದು, ಬಗ್ಗಿ ಎತ್ತೋದು, ತಳ್ಳೋದು, ಎಳೆಯೋದು. ರೆಪ್ಸ್ ಮತ್ತು ತೂಕ ಅವರವರಿಗೆ. ಕೆಳಗಿನ ಅರ್ಧ ಖಾಲಿ ಬಿಟ್ಟಿದ್ದೀನಿ, ಅಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಎರಡೇ ಕಸರತ್ತು, ಪೆನ್ಸಿಲ್‌ನಲ್ಲಿ. ಓಟಗಾರರಿಗೆ ಮೀನಖಂಡ ಮತ್ತು ಸಣ್ಣ ಜಿಗಿತ. ಕುಸ್ತಿಯವನಿಗೆ ಹಿಡಿತ, ಕತ್ತು. ಬ್ಯಾಡ್ಮಿಂಟನ್ ಹುಡುಗಿಗೆ ಲಂಜ್ ಮತ್ತು ಒಂಟಿ ಕಾಲಲ್ಲಿ ಇಳಿಯೋದು. ಅವಳ ಜಿಮ್ ದಿನ ಬುಧವಾರಕ್ಕೆ ಬದಲಾಯ್ತು, "ಕಾಲು ಭಾರ" ಅನ್ನೋ ಮಾತು ನಿಂತಿದೆ.

ವಾಲಿಬಾಲ್ ಹುಡುಗಿಯ ಅಭ್ಯಾಸಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ. ನೋಟ್‌ಬುಕ್‌ನಲ್ಲಿ ನಾಲ್ಕು ಗೀಟು, ಐದನೆಯದು ಅಡ್ಡ, ಹೀಗೆ ಅವಳ ಜಿಗಿತ ಎಣಿಸಿದೆ. ಒಂದು ಸಂಜೆಗೆ 143. ಅದಾದ ಮೇಲೆ ನನ್ನ ಹತ್ತಿರ ಬಂದು ಬಾಕ್ಸ್ ಜಂಪ್ 30 ಮಾಡ್ತಿದ್ದಳು, ನಾನೇ ಸೇರಿಸಿದ್ದು, ವಾಲಿಬಾಲ್‌ಗೆ ಜಿಗಿತ ಬೇಕು ಅಂತ. ತೆಗೆದೆ. ಈಗ ನಿಧಾನದ ಭಾರದ ಸ್ಕ್ವಾಟ್ ಮತ್ತು 45 ಸೆಕೆಂಡಿನ ಹಿಡಿತ ಅಷ್ಟೇ.

ಬೌಲರ್ ಹುಡುಗ ಬಲಗೈ, ನೋವು ಎಡಗಡೆ. ಒಂದು ವರ್ಷದಲ್ಲಿ 9 ಸೆಂಟಿಮೀಟರ್ ಬೆಳೆದಿದ್ದಾನೆ. ಎಂಆರ್‌ಐ ಬಂತು. ಮೂಳೆ ಒತ್ತಡಕ್ಕೆ ಸಿಕ್ಕಿದೆ, ಬಿರುಕು ಇನ್ನೂ ಬಿಟ್ಟಿಲ್ಲ ಅಂದ್ರು ಡಾಕ್ಟರ್. ಕೆಲವು ತಿಂಗಳು ಬೌಲಿಂಗ್ ಇಲ್ಲ. ಹುಡುಗ ತಲೆ ಬಗ್ಗಿಸಿಕೊಂಡು ಕೂತಿದ್ದ, ಶೂ ಲೇಸ್ ಬಿಚ್ಚೋದು ಕಟ್ಟೋದು ಮಾಡ್ತಾ. ಫಿಸಿಯೋ ಅಕ್ಕ, ಇವನು ಜಿಮ್‌ಗಾದ್ರೂ ಬರಬಹುದಾ? ಬರ್ತೀನಿ ಅಂತ ಹಠ ಹಿಡಿದಿದ್ದಾನೆ.

#26 ಫಿಸಿಯೋಅಕ್ಕ

ಬಿರುಕಿಗೆ ಮೊದಲೇ ಸಿಕ್ಕಿತಲ್ಲ, ದೊಡ್ಡ ವಿಷಯ. ಅವನ ಡಾಕ್ಟರ್ ಹೇಳಿದ ಮೇಲೆಯೇ ಶುರು ಮಾಡಿ, ನನ್ನ ಮಾತಿನ ಮೇಲೆ ಬೇಡ. ಅವರು ಸರಿ ಅಂದ ಮೇಲೆ: ಬೆನ್ನು ಹಿಂದಕ್ಕೆ ಬಾಗೋದು, ತಿರುಚೋದು, ಓಡೋದು, ಜಿಗಿಯೋದು ಯಾವುದೂ ಇಲ್ಲ. ಡೆಡ್‌ಲಿಫ್ಟ್ ಸದ್ಯಕ್ಕೆ ಮರೆತುಬಿಡಿ. ಬೆನ್ನು ಅಲುಗಾಡದ ಹಾಗೆ ಕೈಕಾಲು ಆಡಿಸೋ ಡೆಡ್ ಬಗ್, ಸೈಡ್ ಪ್ಲ್ಯಾಂಕ್, ಸೊಂಟ ಎತ್ತೋ ಬ್ರಿಡ್ಜ್, ಭುಜದ ಕಸರತ್ತು, ಕೂತು ಮಾಡೋ ರೋ. ಯಾವುದರಲ್ಲಿ ನೋವು ಬಂದ್ರೂ ಅಲ್ಲೇ ನಿಲ್ಲಿಸಿ.

ಅವನ ಕೈಗೆ ಒಂದು ನೋಟ್‌ಬುಕ್ ಕೊಡಿ. ವಾಪಸ್ ಬೌಲಿಂಗ್ ಶುರುವಾದ ದಿನ ಎಷ್ಟು ಬಾಲ್ ಹಾಕಿದೆ ಅಂತ ಅವನೇ ಬರೀಲಿ.

#27 ಮೈದಾನದಂಚು

ಕೊಟ್ಟೆ ಅಕ್ಕ. ಮೊದಲ ಪುಟದಲ್ಲಿ ಇವತ್ತಿನ ತಾರೀಖು ಹಾಕಿ, ಬಾಲ್: 0 ಅಂತ ಬರೆದುಕೊಂಡು ಹೋದ.